ಮಿಲ್ ಕಾಂಪೌಂಡ್ ಸೈಟ್ ಆದ ಕಥೆ: ಬಳ್ಳಾರಿಯ ಒಂದೂವರೆ ಎಕರೆ

ಬಳ್ಳಾರಿಯಲ್ಲಿ ನಾನು ಇಪ್ಪತ್ತು ವರ್ಷದಿಂದ ಕಟ್ಟಡದ ನಕ್ಷೆ ಬರೆಯುತ್ತಿದ್ದೇನೆ. ಮನೆ, ಅಂಗಡಿ, ಗೋಡೌನ್, ಕಲ್ಯಾಣ ಮಂಟಪ, ಎಲ್ಲವನ್ನೂ ಬರೆದಿದ್ದೇನೆ. ಇಲ್ಲಿ ಹೇಳುತ್ತಿರುವುದು ಅಂಥ ಒಂದೇ ಒಂದು ಜಾಗದ ವಿಷಯ. ಅದು ಹಳೆಯ ಹತ್ತಿ ಜಿನ್ನಿಂಗ್ ಮಿಲ್ಲಿನ, ಅಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಮಿಲ್ಲಿನ ಕಾಂಪೌಂಡ್. ಕೌಲ್ ಬಜಾರಿನಿಂದ ನಡೆದು ಹೋದರೆ ಹತ್ತು ನಿಮಿಷ, ಸುಮಾರು ಒಂದೂವರೆ ಎಕರೆ. ಅಲ್ಲಿ ಹನ್ನೊಂದು ಸಣ್ಣ ಘಟಕಗಳು ಜೀನ್ಸ್ ಕೆಲಸ ಮಾಡುತ್ತಿದ್ದವು. ಈಗ ಅಲ್ಲಿ ಮನೆ ಸೈಟುಗಳಿವೆ, ನಡುವೆ ಕಾಂಕ್ರೀಟ್ ರಸ್ತೆ ಇದೆ, ಆ ಲೇಔಟಿನ ನಕ್ಷೆ ಬರೆದವನು ನಾನೇ.

ಮಾಲೀಕರ ಹೆಸರು ಬರೆಯುವುದಿಲ್ಲ, ಬೀದಿಯ ಹೆಸರನ್ನೂ ಬರೆಯುವುದಿಲ್ಲ. ಅವರು ಮೋಸ ಮಾಡಲಿಲ್ಲ. ಯಾರಿಗೂ ಲಂಚ ಕೊಡಲಿಲ್ಲ, ಬಾಡಿಗೆಯವರನ್ನು ರಾತ್ರೋರಾತ್ರಿ ಹೊರಗೆ ಹಾಕಲಿಲ್ಲ. ಎಲ್ಲವೂ ಕಾಯ್ದೆ ಪ್ರಕಾರವೇ ನಡೆಯಿತು. ನನಗೆ ನಿದ್ದೆ ಕೆಡಿಸಿದ್ದು ಅದೇ. ಒಂದು ತಪ್ಪೂ ನಡೆಯದೆ ಊರು ತನ್ನ ದುಡಿಯುವ ಜಾಗ ಕಳೆದುಕೊಳ್ಳುತ್ತದೆ ಅಂದರೆ, ಕಾಯ್ದೆಯನ್ನೇ ಒಮ್ಮೆ ತೆಗೆದು ನೋಡಬೇಕು ಅಲ್ವಾ?

ಅಲ್ಲಿ ಏನಿತ್ತು

ಬಳ್ಳಾರಿ ಸುತ್ತಮುತ್ತ ಎರೆಹೊಲ. ಹತ್ತಿ, ಶೇಂಗಾ ಎರಡೂ ಬೆಳೆಯುತ್ತಿದ್ದರು. ಹಾಗಾಗಿ ಹಿಂದಿನವರು ಊರಲ್ಲಿ ಜಿನ್ನಿಂಗ್ ಮಿಲ್ಲು, ಎಣ್ಣೆ ಮಿಲ್ಲು ಕಟ್ಟಿದರು. ಅವು ಒಂದೊಂದಾಗಿ ನಿಂತವು. ಆದರೆ ಕಟ್ಟಡಗಳು ಗಟ್ಟಿಯಾಗಿದ್ದವು. ಎತ್ತರದ ಸೂರು, ದಪ್ಪ ಗೋಡೆ, ನಡುವೆ ಕಂಬ ಇಲ್ಲದ ಉದ್ದನೆಯ ನೆಲ, ಲಾರಿ ತಿರುಗುವಷ್ಟು ಅಂಗಳ. ಬಳ್ಳಾರಿ ಬೇಸಿಗೆಯಲ್ಲಿ ತಗಡಿನ ಸೂರಿನ ಕೋಣೆಯಲ್ಲಿ ಕೂತು ಹೊಲಿದವರನ್ನು ಕೇಳಿ, ಆ ಎತ್ತರದ ಸೂರಿನ ಬೆಲೆ ಏನೆಂದು ಹೇಳುತ್ತಾರೆ.

ಹೊಲಿಗೆ ಇಲ್ಲಿ ನಿನ್ನೆ ಮೊನ್ನೆಯದಲ್ಲ. ದಂಡಿನ ಕಾಲದಲ್ಲಿ ಬ್ರಿಟಿಷ್ ಸೈನಿಕರ ಬಟ್ಟೆ ಹೊಲಿಯಲು ಇಲ್ಲಿ ನೆಲೆಸಿದ ದರ್ಜಿ ಮನೆತನಗಳಿವೆ. ಆ ಕೈಗಳೇ ಮುಂದೆ ಪ್ಯಾಂಟಿಗೆ, ಆಮೇಲೆ ಜೀನ್ಸಿಗೆ ಬಂದವು. ಈಗ ದೇಶದ ಎಷ್ಟೋ ಊರಿನ ಸಂತೆಯಲ್ಲಿ, ಸಣ್ಣ ಅಂಗಡಿಯಲ್ಲಿ ಬಳ್ಳಾರಿ ಜೀನ್ಸ್ ಸಿಗುತ್ತದೆ. ಅದನ್ನು ಮಾಡುವುದು ಒಂದು ದೊಡ್ಡ ಫ್ಯಾಕ್ಟರಿ ಅಂದುಕೊಳ್ಳುತ್ತಾರೆ ಹೊರಗಿನವರು. ಇಲ್ಲಿ ಹಾಗಿಲ್ಲ. ಆರು ಮಷಿನ್, ಎಂಟು ಮಷಿನ್ ಇಟ್ಟುಕೊಂಡ ನೂರಾರು ಸಣ್ಣ ಘಟಕಗಳು ಒಂದರ ಕೆಲಸ ಇನ್ನೊಂದಕ್ಕೆ ದಾಟಿಸುತ್ತಾ ಮಾಡುವ ಕೆಲಸ ಇದು.

ಆ ಕಾಂಪೌಂಡಿನೊಳಗೆ ಒಂದು ಪ್ಯಾಂಟ್ ಹೇಗೆ ಓಡಾಡುತ್ತಿತ್ತು ಅಂತ ಹೇಳುತ್ತೇನೆ. ಗೇಟಿನ ಪಕ್ಕದ ಶೆಡ್ಡಿನಲ್ಲಿ ಮೂವತ್ತು ಅಡಿ ಉದ್ದದ ಮೇಜು. ಡೆನಿಮ್ ತಾನು ಬಿಚ್ಚಿ ಪದರದ ಮೇಲೆ ಪದರ ಹಾಸುತ್ತಾರೆ, ಕಟಿಂಗ್ ಮಾಸ್ಟರ್ ಮೇಲಿನ ಪದರದ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ನಿಂತ ಕತ್ತಿಯ ಮಷಿನ್ ನೂಕಿಕೊಂಡು ಹೋಗುತ್ತಾರೆ. ಕತ್ತರಿಸಿದ್ದನ್ನು ಗಂಟು ಕಟ್ಟಿ ನಂಬರ್ ಬರೆದರೆ ಅಂಗಳ ದಾಟಿ ಹೊಲಿಗೆ ಶೆಡ್ಡಿಗೆ ಹೋಗುತ್ತದೆ. ಅಲ್ಲಿ ಜೇಬು, ಜಿಪ್ಪು, ಬೆಲ್ಟು. ಕಾಲಿನ ಒಳಹೊಲಿಗೆ ಹಾಕುವ ಮಷಿನ್ ಬೇರೆಯೇ, ಅದರ ತೋಳು ಉದ್ದಕ್ಕೆ ಚಾಚಿಕೊಂಡಿರುತ್ತದೆ, ಪ್ಯಾಂಟಿನ ಕಾಲು ಅದಕ್ಕೆ ಕಾಲುಚೀಲದ ಹಾಗೆ ಏರುತ್ತದೆ. ಅದು ಎಲ್ಲರ ಹತ್ತಿರ ಇರುವುದಿಲ್ಲ. ಪಕ್ಕದ ಶೆಡ್ಡಿನವರ ಹತ್ತಿರ ಇತ್ತು. ಬಾರ್‌ಟ್ಯಾಕ್, ಅಂದರೆ ಜೇಬಿನ ಮೂಲೆಯಂಥ ಕಡೆ ಬಿಚ್ಚದ ಹಾಗೆ ಗಟ್ಟಿ ಹೊಲಿಗೆ, ಹಾಕುವವರು ಇನ್ನೊಬ್ಬರು. ಕಾಜಾ ಹೊಡೆಯುವವರು ಮತ್ತೊಬ್ಬರು.

ಈ ಕಾಜಾ ಮಷಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪ್ಯಾಂಟಿನ ಸೊಂಟದ ಗುಂಡಿ ತೂರುವ ಕಣ್ಣು ಇದೆಯಲ್ಲ, ಅದೊಂದನ್ನೇ ಮಾಡುವ ಮಷಿನ್. ಕೆಲವೇ ಸೆಕೆಂಡಿನ ಕೆಲಸ. ಮಷಿನ್ ಮಾತ್ರ ಲಕ್ಷಗಟ್ಟಲೆ ಬೆಲೆಯದು. ಆರು ಮಷಿನ್ ಇಟ್ಟುಕೊಂಡ ಘಟಕ ಅದನ್ನು ಕೊಂಡರೆ ದಿನದ ಮುಕ್ಕಾಲು ಪಾಲು ಸುಮ್ನೆ ನಿಂತಿರುತ್ತದೆ. ಹಾಗಾಗಿ ಆ ಕಾಂಪೌಂಡಿಗೆಲ್ಲ ಒಂದೇ ಕಾಜಾ ಮಷಿನ್ ಇತ್ತು. ಅದರ ಯಜಮಾನರು ಬೇರೇನೂ ಮಾಡುತ್ತಿರಲಿಲ್ಲ. ಹುಡುಗರು ಹೆಗಲ ಮೇಲೆ ಪ್ಯಾಂಟಿನ ರಾಶಿ ಹೊತ್ತು ತಂದು ಹಾಕುತ್ತಿದ್ದರು, ಅವರು ಒಂದೊಂದು ಪೀಸಿಗೆ ಇಷ್ಟು ಅಂತ ಹೊಡೆದು ಕೊಡುತ್ತಿದ್ದರು, ಮಧ್ಯಾಹ್ನದೊಳಗೆ ಐದಾರು ಘಟಕದ ಕೆಲಸ ಮುಗಿಯುತ್ತಿತ್ತು. ಆ ಮಷಿನ್ ಅಲ್ಲಿ ಬದುಕಿದ್ದು ನಲವತ್ತು ಹೆಜ್ಜೆಯೊಳಗೆ ಗಿರಾಕಿಗಳು ಇದ್ದದ್ದಕ್ಕೆ, ಆ ಗಿರಾಕಿಗಳು ಬದುಕಿದ್ದು ನಲವತ್ತು ಹೆಜ್ಜೆಯೊಳಗೆ ಆ ಮಷಿನ್ ಇದ್ದದ್ದಕ್ಕೆ.

ಆಮೇಲೆ ಪ್ಯಾಂಟ್ ಆಟೋ ಹತ್ತಿ ಊರ ಹೊರಗೆ ವಾಶಿಂಗಿಗೆ ಹೋಗುತ್ತಿತ್ತು. ತಿರುಗಿ ಬಂದ ಮೇಲೆ ದಾರ ಕತ್ತರಿಸುವ ಕೆಲಸ. ಅದು ಪೂರಾ ಹೆಂಗಸರದ್ದು. ಹಿಂದಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಇಪ್ಪತ್ತು ಇಪ್ಪತ್ತೈದು ಜನ ಕೂರುತ್ತಿದ್ದರು, ಕೈಯಲ್ಲಿ ಸಣ್ಣ ಕತ್ತರಿ. ಮಕ್ಕಳನ್ನು ಶಾಲೆಗೆ ಕಳಿಸಿ ಬಂದು, ಶಾಲೆ ಬಿಡುವ ಹೊತ್ತಿಗೆ ಎದ್ದು ಹೋಗುವ ಕೆಲಸ. ಮನೆ ಹತ್ತಿರ ಇದ್ದದ್ದರಿಂದ ಮಾತ್ರ ಆಗುತ್ತಿದ್ದ ಕೆಲಸ.

ಹೇಗೆ ಹೋಯಿತು

ಮಾಲೀಕರ ಮನೆಯ ಹಿರಿಯರು ತೀರಿಕೊಂಡರು. ಮಕ್ಕಳು ನಾಲ್ಕು ಜನ, ಇಬ್ಬರು ಬೆಂಗಳೂರು, ಒಬ್ಬರು ಹೈದರಾಬಾದ್, ಹಿರಿಯಕ್ಕ ಒಬ್ಬರೇ ಬಳ್ಳಾರಿಯಲ್ಲಿ. ಹನ್ನೊಂದು ಶೆಡ್ಡಿನ ಒಂದು ವರ್ಷದ ಬಾಡಿಗೆ ಒಟ್ಟು ಸೇರಿಸಿದರೂ ಅಲ್ಲಿ ಒಂದು ಮೂವತ್ತು ನಲವತ್ತರ ಸೈಟಿಗೆ ಬರುವ ಬೆಲೆಯ ಅರ್ಧ ಆಗುತ್ತಿರಲಿಲ್ಲ. ಹಂಚಿಕೊಳ್ಳಬೇಕಾದ ನಾಲ್ಕು ಜನ ಏನು ಮಾಡುತ್ತಾರೆ? ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ.

ನನ್ನನ್ನು ಕರೆದರು. ಮಹಾಯೋಜನೆಯ, ಅಂದರೆ ಊರಿನ ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ಆ ಜಾಗಕ್ಕೆ ನೇರಳೆ ಬಣ್ಣ ಇತ್ತು, ಅದು ಕೈಗಾರಿಕೆಯದ್ದು. ಮನೆ ಕಟ್ಟುವ ಜಾಗ ಹಳದಿ. ನೇರಳೆಯನ್ನು ಹಳದಿ ಮಾಡಬೇಕು. ಇದಕ್ಕೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ 14-ಎ ಅಂತ ಒಂದು ಕಲಂ ಇದೆ, ಭೂಬಳಕೆ ಬದಲಾವಣೆಯದ್ದು. ಅದನ್ನು ಓದಿದರೆ ಮೊದಲಿಗೆ ಧೈರ್ಯ ಬರುತ್ತದೆ. ಬದಲಾವಣೆ ಸಾರ್ವಜನಿಕರ ಹಿತಕ್ಕೆ ಇರಬೇಕು, ಪತ್ರಿಕೆಯಲ್ಲಿ ಪ್ರಕಟಿಸಿ ಜನರಿಂದ ಆಕ್ಷೇಪಣೆ ಕರೆಯಬೇಕು, ಸರ್ಕಾರದ ಒಪ್ಪಿಗೆ ಬೇಕು ಅಂತೆಲ್ಲ ಇದೆ. ಆದರೆ ಅದೇ ಕಲಮಿನಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಮಾತಿದೆ. ಬದಲಾವಣೆ ಕೈಗಾರಿಕೆಯಿಂದ ವಸತಿಗೆ, ಕೈಗಾರಿಕೆಯಿಂದ ವಾಣಿಜ್ಯಕ್ಕೆ, ಇಲ್ಲವೇ ವಾಣಿಜ್ಯದಿಂದ ವಸತಿಗೆ ಇದ್ದರೆ, ನಿಗದಿ ಮಾಡಿದ ಶುಲ್ಕ ಕಟ್ಟಿ, ಯೋಜನಾ ಪ್ರಾಧಿಕಾರಕ್ಕೆ ಮೊದಲೇ ತಿಳಿಸಿದರೆ ಸಾಕು, ಅನುಮತಿ ಕೊಟ್ಟ ಹಾಗೆಯೇ ಲೆಕ್ಕ.

ಇದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ನೀವು ಹಳದಿ ಜಾಗದಲ್ಲಿ ಒಂದು ಹೊಲಿಗೆ ಶೆಡ್ ಹಾಕಲು ಬಣ್ಣ ಬದಲಿಸಬೇಕು ಅಂದರೆ ಪತ್ರಿಕೆ, ಆಕ್ಷೇಪಣೆ, ಸರ್ಕಾರದ ಒಪ್ಪಿಗೆ ಎಲ್ಲ ಬೇಕು. ನೂರು ವರ್ಷ ದುಡಿದ ನೇರಳೆ ಜಾಗವನ್ನು ಹಳದಿ ಮಾಡಲು ಒಂದು ಚಲನ್, ಒಂದು ಪತ್ರ ಸಾಕು. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಹೀಗೆ ಹೋದ ಜಾಗ ಮತ್ತೆ ತಿರುಗಿ ಬರುವುದಿಲ್ಲ, ಯಾಕೆಂದರೆ ಇಪ್ಪತ್ತು ಮನೆ ಕೊಂಡು ಕೆಡವಿ ಒಂದು ಶೆಡ್ ಕಟ್ಟುವವರು ಯಾರೂ ಇಲ್ಲ.

ಆ ಮಾತನ್ನು ಯಾಕೆ ಬರೆದರು ಅಂತ ನನಗೆ ಅರ್ಥವಾಗುತ್ತದೆ. ಕೈಗಾರಿಕೆ ಅಂದರೆ ಹೊಗೆ, ಸದ್ದು, ಕೊಳಕು ನೀರು. ಅದು ಹೋಗಿ ಮನೆ ಬಂದರೆ ಊರಿಗೆ ಒಳ್ಳೆಯದೇ, ಅದಕ್ಕೆ ಯಾರನ್ನು ಕೇಳಬೇಕು ಅನ್ನುವ ಯೋಚನೆ. ಹೊಗೆ ಕಾರುವ ಫ್ಯಾಕ್ಟರಿಗೆ ಅದು ಸರಿ. ಬೇವಿನ ಮರದ ಕೆಳಗೆ ದಾರ ಕತ್ತರಿಸುವ ಹೆಂಗಸರಿಗೆ?

ಬಾಡಿಗೆಯವರು ನನ್ನ ಆಫೀಸಿಗೆ ಬಂದಿದ್ದರು. ಆರು ಜನ. ಕಾಜಾ ಮಷಿನ್ ಯಜಮಾನರೂ ಇದ್ದರು. "ಆಕ್ಷೇಪಣೆ ಯಾವಾಗ ಹಾಕಬೇಕು ಸರ್?" ಅಂತ ಕೇಳಿದರು. ಹಾಕಲು ಜಾಗವೇ ಇಲ್ಲ ಅಂತ ಹೇಳಿದೆ. ನಂಬಲಿಲ್ಲ. ಕಾಯ್ದೆ ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಒಬ್ಬರು ಓದಿ ಉಳಿದವರಿಗೆ ತೆಲುಗಿನಲ್ಲಿ, ಉರ್ದುವಿನಲ್ಲಿ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವರ ಹತ್ತಿರ ಇದ್ದದ್ದು ಹನ್ನೊಂದು ತಿಂಗಳ ಬಾಡಿಗೆ ಕರಾರು, ಅಷ್ಟೇ.

ಬರೆದೂ ನಡೆಯದ ಎರಡನೇ ನಕ್ಷೆ

ಆ ರಾತ್ರಿ ನಾನು ಇನ್ನೊಂದು ನಕ್ಷೆ ಬರೆದೆ. ಯಾರೂ ಕೇಳಿರಲಿಲ್ಲ. ಮುಂದಿನ ರಸ್ತೆ ಅಗಲವಾಗಿತ್ತು, ಅಲ್ಲಿ ಅಂಗಡಿಗೆ ಒಳ್ಳೆಯ ಬಾಡಿಗೆ ಬರುತ್ತದೆ. ಹಾಗಾಗಿ ರಸ್ತೆ ಮುಖಕ್ಕೆ ಅಂಗಡಿ, ಅದರ ಮೇಲೆ ಎರಡು ಮಹಡಿ ಆಫೀಸು, ಹಿಂದೆ ಹಳೆಯ ಶೆಡ್ಡುಗಳಲ್ಲಿ ಗಟ್ಟಿಯಾದ ಏಳನ್ನು ಉಳಿಸಿ ರಿಪೇರಿ. ಮುಂದಿನ ಬಾಡಿಗೆ ಹಿಂದಿನದ್ದನ್ನು ತೂಗಿಸಬೇಕು, ಅದು ಲೆಕ್ಕ. ಇದು ನನ್ನ ತಲೆಯಿಂದ ಹೊಸದಾಗಿ ಹುಟ್ಟಿದ್ದೇನಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಊರಿನಲ್ಲಿ ಹೀಗೇ ಮಾಡಿದ್ದಾರೆ. ಅಲ್ಲಿ ತಯಾರಿಕೆ, ಸಾಗಣೆ, ರಿಪೇರಿ ಈ ಮೂರಕ್ಕೆ ಅಂತಲೇ ಒಂದು ವಲಯ ಗುರುತಿಸಿದರು. ಆಮೇಲೆ 2014ರಲ್ಲಿ, ಅಂಥ ವಲಯದ ಕೆಲವು ಖಾಲಿ ಜಾಗಗಳಲ್ಲಿ ಆಫೀಸು ಕಟ್ಟಬಹುದು, ಆದರೆ ಕಟ್ಟಿದ್ದರಲ್ಲಿ ಮೂರನೇ ಒಂದು ಪಾಲಾದರೂ ತಯಾರಿಕೆಗೆ ಇಡಬೇಕು ಅಂತ ನಿಯಮ ತಂದರು. ಜಾಗ ಚಿನ್ನದ ಬೆಲೆಗೆ ಹೋದ ಊರಲ್ಲೂ ಕೈಕೆಲಸಕ್ಕೆ ನೆಲ ಉಳಿಯಿತು.

ಹಿರಿಯಕ್ಕನಿಗೆ ನಕ್ಷೆ ಇಷ್ಟವಾಯಿತು. ಅವರು ಚಿಕ್ಕವರಿದ್ದಾಗ ಆ ಅಂಗಳದಲ್ಲಿ ಹತ್ತಿ ಅಂಡಿಗೆ ಮೇಲೆ ಆಡಿದವರು. ಬೆರಳಿಟ್ಟು ಒಂದೊಂದು ಶೆಡ್ ಗುರುತು ಹಿಡಿದರು. ಆದರೆ ಉಳಿದ ಮೂವರ ಲೆಕ್ಕ ನೇರ ಇತ್ತು. ಸೈಟ್ ಮಾಡಿದರೆ ಆರು ತಿಂಗಳಲ್ಲಿ ದುಡ್ಡು ಕೈಗೆ. ನನ್ನ ನಕ್ಷೆಯಲ್ಲಿ ಮೊದಲು ದುಡ್ಡು ಹಾಕಬೇಕು, ಆಮೇಲೆ ಹತ್ತು ಹದಿನೈದು ವರ್ಷ ಬಾಡಿಗೆ ಎಣಿಸಬೇಕು. ಶೆಡ್ ಉಳಿಸಿಕೊಂಡರು ಅಂತ ಅವರಿಗೆ ಒಂದು ಮಹಡಿ ಜಾಸ್ತಿ ಸಿಗುವುದಿಲ್ಲ, ಆಸ್ತಿ ತೆರಿಗೆಯಲ್ಲಿ ಒಂದು ರೂಪಾಯಿ ಕಮ್ಮಿಯಾಗುವುದಿಲ್ಲ. ಉಳಿಸುವವರಿಗೆ ಏನೂ ಇಲ್ಲ, ಮಾರುವವರಿಗೆ ದಾರಿ ಸಲೀಸು. ಇಂಥ ಕಡೆ ಅಕ್ಕನೊಬ್ಬರ ನೆನಪು ಎಷ್ಟು ತೂಗೀತು?

ಮೂರು ತಿಂಗಳಲ್ಲಿ ಶೆಡ್ ಖಾಲಿಯಾದವು.

ಹನ್ನೊಂದು ಘಟಕ ಎಲ್ಲಿಗೆ ಹೋದವು

ಒಂದು ವರ್ಷ ಬಿಟ್ಟು ನಾನು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋದೆ. ಎರಡು ಘಟಕ ಬಳ್ಳಾರಿ ಹೊರಗಿನ ಮುಂಡರಗಿ ಕಡೆ ಕೈಗಾರಿಕಾ ಪ್ರದೇಶಕ್ಕೆ ಹೋಗಿವೆ. ಅವರು ಚೆನ್ನಾಗಿದ್ದಾರೆ, ಅವರು ಮೊದಲೇ ದೊಡ್ಡವರು. ಎರಡು ಘಟಕ ಒಂದಾಗಿ ಒಂದೇ ಶೆಡ್ ಹಿಡಿದಿವೆ. ಒಬ್ಬರು ಗಡಿ ದಾಟಿ ಆಂಧ್ರದ ರಾಯದುರ್ಗಕ್ಕೆ ಹೋದರು, ಅಲ್ಲೂ ಜೀನ್ಸ್ ಕೆಲಸ ಜೋರಾಗಿದೆ. ಇಬ್ಬರು ಮುಚ್ಚಿದರು. ಉಳಿದ ನಾಲ್ಕು ಘಟಕ ಮನೆಗಳಿಗೆ ಹೋದವು.

ಮನೆಗೆ ಹೋದದ್ದು ಅಂದರೆ ಏನು ಅಂತ ನೋಡಿದರೆ ಗೊತ್ತಾಗುತ್ತದೆ. ಎಂಟು ಅಡಿ ಓಣಿ. ನೆಲಮಹಡಿಯ ಪಡಸಾಲೆಯಲ್ಲಿ ಐದು ಮಷಿನ್, ಮೇಲೆ ಸಂಸಾರ. ಕರೆಂಟು ಮೀಟರ್ ಮನೆಯದು, ಕೈಗಾರಿಕೆಯ ಎಲ್‌ಟಿ-5 ಮೀಟರ್ ಅಲ್ಲಿ ಸಿಗುವುದಿಲ್ಲ, ಹಾಗಾಗಿ ಯಾರಾದರೂ ತಪಾಸಣೆಗೆ ಬಂದರೆ ಎದೆ ಡವಡವ. ಡೆನಿಮ್ ಚೂರುಗಳ ಮೂಟೆ ಮೆಟ್ಟಿಲ ಮೇಲೆ, ಬೆಂಕಿ ಹತ್ತಿದರೆ ಹೊರಗೆ ಬರುವ ದಾರಿ ಅದೊಂದೇ. ಎದುರುಮನೆಯಲ್ಲಿ ಮಗು ಮಲಗುವುದಿಲ್ಲ ಅಂತ ದಿನಾ ಜಗಳ. ಕೈಗಾರಿಕೆಯ ಸದ್ದು ಮನೆಗಳಿಂದ ದೂರ ಇರಲಿ ಅಂತ ಬಣ್ಣ ಬಳಿದ ನಕ್ಷೆ, ಕೊನೆಗೆ ಅದೇ ಸದ್ದನ್ನು ಮನೆಯ ಒಳಗೇ ತಂದು ಕೂರಿಸಿತು. ಕಾಂಪೌಂಡ್ ಗೋಡೆಯ ಹಿಂದೆ ಇದ್ದಾಗ ಯಾರೂ ದೂರು ಹೇಳಿರಲಿಲ್ಲ.

ಕಾಜಾ ಮಷಿನ್ ಈಗ ಒಂದು ಮನೆಯ ಮೆಟ್ಟಿಲ ಕೆಳಗಿದೆ. ಯಜಮಾನರು ತಲೆ ಬಗ್ಗಿಸಿಯೇ ಕೂರಬೇಕು. ಗಿರಾಕಿಗಳು ನಾಲ್ಕು ದಿಕ್ಕಿಗೆ ಹೋಗಿರುವುದರಿಂದ ಪ್ಯಾಂಟ್ ಈಗ ಆಟೋದಲ್ಲಿ ಬರುತ್ತದೆ, ಆಟೋದಲ್ಲಿ ಹೋಗುತ್ತದೆ. ಒಂದು ಕಾಜಾ ಹೊಡೆದರೆ ಸಿಗುವ ಕೂಲಿಯಲ್ಲಿ ಆಟೋ ಬಾಡಿಗೆ ಕಳೆದರೆ ಏನು ಉಳಿಯುತ್ತದೆ? ದಿನಕ್ಕೆ ಒಂದು ಸಲ ಬರುತ್ತಿದ್ದ ರಾಶಿ ಈಗ ಎರಡು ದಿನಕ್ಕೊಮ್ಮೆ ಬರುತ್ತದೆ. ಅವರು ದೂರಲಿಲ್ಲ. ಮಷಿನ್ ಮೇಲಿನ ಧೂಳು ಬಟ್ಟೆಯಲ್ಲಿ ಒರೆಸುತ್ತಾ, "ಮಾರೋಣ ಅಂದ್ರೆ ಕೊಳ್ಳುವವರೂ ಇಲ್ಲ" ಅಂದರು.

ದಾರ ಕತ್ತರಿಸುತ್ತಿದ್ದ ಹೆಂಗಸರಲ್ಲಿ ಮುಂಡರಗಿಗೆ ಹೋಗುತ್ತಿರುವವರು ಮೂರೇ ಜನ ಸಿಕ್ಕರು. ಶಾಲೆ ಬಿಡುವ ಹೊತ್ತಿಗೆ ಅಲ್ಲಿಂದ ಮನೆಗೆ ಬರಲು ಆಗುವುದಿಲ್ಲ. ಕೆಲವರು ಮನೆಗೆ ಗಂಟು ತಂದು ಕತ್ತರಿಸುತ್ತಾರೆ, ಪೀಸಿಗೆ ಮೊದಲಿಗಿಂತ ಕಮ್ಮಿ. ಉಳಿದವರು ಕೆಲಸ ಬಿಟ್ಟಿದ್ದಾರೆ. ನಕ್ಷೆಯಲ್ಲಿ ನಾನು ಬೇವಿನ ಮರವನ್ನು ಗುರುತಿಸಿದ್ದೆ, ಒಂದು ಸಣ್ಣ ವೃತ್ತ. ಆ ವೃತ್ತದ ಕೆಳಗೆ ಇಪ್ಪತ್ತೈದು ಜನರ ಸಂಪಾದನೆ ಇತ್ತು ಅಂತ ಬರೆಯಲು ನಕ್ಷೆಯಲ್ಲಿ ಯಾವ ಚಿಹ್ನೆಯೂ ಇಲ್ಲ.

ಒಣ ಕೆಲಸ, ಒದ್ದೆ ಕೆಲಸ

ಇದನ್ನು ಹೇಳಿದಾಗೆಲ್ಲ ಒಂದು ಮಾತು ತಪ್ಪದೆ ಬರುತ್ತದೆ. ಜೀನ್ಸ್ ಊರ ಹೊರಗೆ ಹೋಗಲಿ ಬಿಡಿ, ನೀಲಿ ನೀರು ನೋಡಿಲ್ಲವಾ ಅಂತ. ನೋಡಿದ್ದೇನೆ. ಆ ಸಿಟ್ಟು ನ್ಯಾಯವಾದದ್ದೇ. ವಾಶಿಂಗ್ ಅಂದರೆ ಪ್ಯಾಂಟನ್ನು ಸುಮ್ನೆ ಒಗೆಯುವುದಲ್ಲ. ಕಲ್ಲು ಹಾಕಿ ತಿರುಗಿಸುತ್ತಾರೆ, ಎಂಜೈಮ್ ಹಾಕುತ್ತಾರೆ, ಬ್ಲೀಚ್ ಹಾಕುತ್ತಾರೆ, ತೊಡೆಯ ಮೇಲೆ ಬಿಳಿ ಮಾಸಲು ಬರಲು ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಸಿಂಪಡಿಸುತ್ತಾರೆ. ಇದೆಲ್ಲ ಬಣ್ಣದ ಜೊತೆ ನೀರಿನಲ್ಲಿ ಇಳಿಯುತ್ತದೆ. ಸಂಸ್ಕರಿಸದೆ ಬಿಟ್ಟರೆ ಹಳ್ಳ, ಕಾಲುವೆ, ಬೋರು ಎಲ್ಲ ಹಾಳು. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಹೀಗೇ ಕೆಟ್ಟು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಒಂದು ಹನಿಯೂ ಹೊರಗೆ ಬಿಡದ ಹಾಗೆ ಸಾಮೂಹಿಕ ಶುದ್ಧೀಕರಣ ಘಟಕ ಸರಿ ಮಾಡಿಕೊಂಡ ಮೇಲೆಯೇ ಅವು ಮತ್ತೆ ಶುರುವಾದದ್ದು.

ಹಾಗಾಗಿ ಒದ್ದೆ ಕೆಲಸ ಊರ ಹೊರಗೆ, ಎಲ್ಲರಿಗೂ ಸೇರಿದ ಒಂದು ಒಳ್ಳೆಯ ಶುದ್ಧೀಕರಣ ಘಟಕದ ಪಕ್ಕ ಇರಬೇಕು. ಇದರಲ್ಲಿ ನನ್ನದು ಎರಡನೇ ಮಾತಿಲ್ಲ. ಆದರೆ ನಮ್ಮ ಕಾಂಪೌಂಡಿನ ಹನ್ನೊಂದೂ ಘಟಕ ಒಣ ಕೆಲಸದವು. ಕತ್ತರಿಸುವುದು, ಹೊಲಿಯುವುದು, ಕಾಜಾ, ಗುಂಡಿ, ದಾರ, ಇಸ್ತ್ರಿ, ಪ್ಯಾಕಿಂಗ್. ಇವರು ದಿನಕ್ಕೆ ಬಳಸುವ ನೀರು ಕುಡಿಯಲು ಮತ್ತು ಇಸ್ತ್ರಿಗೆ. ಮಾಲಿನ್ಯ ನಿಯಂತ್ರಣದ ಪಟ್ಟಿಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಇದೆ. ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ಎಷ್ಟು ಕೆಡಿಸುತ್ತದೆ ಅನ್ನುವುದರ ಮೇಲೆ ಕೈಗಾರಿಕೆಗಳನ್ನು ವಿಂಗಡಿಸಿದ್ದಾರೆ. ಊರಿನ ನಕ್ಷೆಗೆ ಬಂದರೆ ಮಾತ್ರ ಎಲ್ಲವೂ ನೇರಳೆ. ಹಗುರ, ಭಾರಿ ಅಂತ ಭಾಗ ಮಾಡಿದರೂ ಹೆಚ್ಚಾಗಿ ಅಳೆಯುವುದು ಮೋಟರಿನ ಅಶ್ವಶಕ್ತಿಯನ್ನು. ನೀರು ಎಷ್ಟು, ಕೆಲಸಕ್ಕೆ ಬರುವವರು ಎಷ್ಟು ದೂರದಿಂದ ಬರುತ್ತಾರೆ ಅಂತ ಯಾರೂ ಕೇಳುವುದಿಲ್ಲ.

ಒಣ ಕೆಲಸಕ್ಕೆ ಊರೊಳಗೆ ನೆಲ ಬೇಕು. ಈ ಬರಹದಲ್ಲಿ ನನ್ನ ಬೇಡಿಕೆ ಇದೊಂದೇ.

ಬೇರೆ ಊರುಗಳ ಪಾಠ

ಮುಂಬೈಯ ಗಿರಣಿಗಳ ಕಥೆ ನಮ್ಮ ಕಡೆಯವರಿಗೆ ಗೊತ್ತಿರುವಂಥದ್ದೇ. 1982ರ ದೊಡ್ಡ ಮುಷ್ಕರದ ನಂತರ ಗಿರಣಿಗಳು ಮುಗ್ಗರಿಸಿದವು. ಅವುಗಳ ಕೆಳಗೆ ಸುಮಾರು 600 ಎಕರೆ ಇತ್ತು, ಅದೂ ನಗರದ ನಡುಮಧ್ಯದಲ್ಲಿ. 1991ರಲ್ಲಿ ಒಂದು ನಿಯಮ ಬಂತು. ಗಿರಣಿ ಜಾಗ ಅಭಿವೃದ್ಧಿ ಮಾಡುವುದಾದರೆ ಸುಮಾರು ಮೂರನೇ ಒಂದು ಪಾಲು ಬಯಲು ಜಾಗಕ್ಕೆ, ಮೂರನೇ ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಅದನ್ನು ತಿದ್ದಿದರು. ಪಾಲು ಕೊಡಬೇಕಾದದ್ದು ಪೂರಾ ಜಾಗದಲ್ಲಿ ಅಲ್ಲ, ಕಟ್ಟಡ ಇಲ್ಲದ ಖಾಲಿ ನೆಲದಲ್ಲಿ ಮಾತ್ರ ಅಂತ ಆಯಿತು. ಗಿರಣಿ ಜಾಗದ ಮೇಲೆ ಎಲ್ಲ ಕಡೆ ಕಟ್ಟಡವೇ ಇದ್ದದ್ದು, ಹಾಗಾಗಿ ಊರಿಗೆ ಸಿಕ್ಕಿದ್ದು ತುಣುಕು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಯಮದ ಎರಡು ಪದ ಬದಲಾದರೆ ನೂರಾರು ಎಕರೆಯ ಹಣೆಬರಹ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ರಾಜಾ ಮಿಲ್ ಜಾಗದಲ್ಲಿ ಮಾಲ್, ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದದ್ದನ್ನು ನೀವೇ ನೋಡಿದ್ದೀರಿ.

ಶಿಕಾಗೊ ಬೇರೆ ದಾರಿ ಹಿಡಿದಿತ್ತು. 1988ರಲ್ಲಿ ಊರೊಳಗಿನ ಒಂದು ಭಾಗವನ್ನು ತಯಾರಿಕೆಗೆ ಮೀಸಲು ಅಂತ ಘೋಷಿಸಿ, ಅಲ್ಲಿ ಮನೆ ಕಟ್ಟುವುದನ್ನೇ ನಿಲ್ಲಿಸಿದರು. ಆಮೇಲೆ ಅಂಥ ಇನ್ನಷ್ಟು ಭಾಗಗಳು ಬಂದವು. ಇದರಿಂದ ಆಗುವ ಮುಖ್ಯ ಉಪಯೋಗ ಬೆಲೆಯದ್ದು. ಈ ಜಾಗ ಎಂದೂ ಸೈಟ್ ಆಗುವುದಿಲ್ಲ ಅಂತ ಎಲ್ಲರಿಗೂ ಖಾತ್ರಿಯಾದರೆ ಅದರ ಬೆಲೆ ಸೈಟಿನ ಬೆಲೆಗೆ ಏರುವುದಿಲ್ಲ, ಕೆಲಸ ಮಾಡುವವರು ಅದನ್ನು ಕೊಳ್ಳಬಹುದು, ಬಾಡಿಗೆ ಹಿಡಿಯಬಹುದು. ಅಲ್ಲೂ ಒತ್ತಡ ಬಂತು, 2017ರಲ್ಲಿ ನದಿ ದಂಡೆಯ ಒಂದು ದೊಡ್ಡ ಭಾಗದ ಮೀಸಲು ತೆಗೆದರು. ಆದರೆ ತೆಗೆಯುವಾಗ ಒಂದು ಕೆಲಸ ಮಾಡಿದರು. ಹಾಗೆ ಬದಲಾಯಿಸಿಕೊಳ್ಳುವವರು ಕಟ್ಟುವ ಶುಲ್ಕ, ಊರಿನ ಬೇರೆ ಕೈಗಾರಿಕಾ ಭಾಗಗಳನ್ನು ಸುಧಾರಿಸುವುದಕ್ಕೇ ಹೋಗಬೇಕು ಅಂತ ಕಟ್ಟಿ ಹಾಕಿದರು.

ನಮ್ಮ ಕಾಯ್ದೆಯಲ್ಲಿ ನೀರಿಗೆ, ರಿಂಗ್ ರಸ್ತೆಗೆ, ಕೊಳಗೇರಿ ಸುಧಾರಣೆಗೆ ಅಂತ ಸೆಸ್ ವಸೂಲು ಮಾಡಲು ದಾರಿ ಇದೆ. ಹೋದ ಶೆಡ್ಡಿನ ಬದಲು ಇನ್ನೊಂದು ಶೆಡ್ ಕಟ್ಟಲು ಅಂತ ಯಾಕೆ ಇರಬಾರದು?

ಏನು ಬದಲಾಗಬೇಕು

ಮೊದಲನೆಯದು ಆ 14-ಎ ಒಳಗಿನ ಮಾತು. ಅದನ್ನು ಪೂರಾ ತೆಗೆಯಬೇಕು ಅಂತ ನಾನು ಹೇಳುವುದಿಲ್ಲ. ಐದು ವರ್ಷದಿಂದ ಬೀಗ ಹಾಕಿದ, ಯಾರೂ ಕೆಲಸ ಮಾಡದ ಶೆಡ್ ಇದ್ದರೆ ಶುಲ್ಕ ಕಟ್ಟಿ ಬದಲಾಯಿಸಿಕೊಳ್ಳಲಿ. ಜನ ದುಡಿಯುತ್ತಿರುವ ಜಾಗಕ್ಕೆ ಮಾತ್ರ ಪತ್ರಿಕೆ ಪ್ರಕಟಣೆ, ಆಕ್ಷೇಪಣೆ ಬೇಕು. ಬಾಡಿಗೆಯವರ ಮಾತೂ ಕೇಳಬೇಕು. ಅಷ್ಟಾಗಿದ್ದರೆ ನನ್ನ ಆಫೀಸಿಗೆ ಬಂದ ಆರು ಜನ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಇದು ವಿಧಾನಸಭೆಯಲ್ಲಿ ಆಗಬೇಕಾದ ಕೆಲಸ, ಬಳ್ಳಾರಿಯಲ್ಲಿ ಕೂತು ಆಗುವುದಿಲ್ಲ.

ಬಳ್ಳಾರಿಯಲ್ಲಿ ಆಗಬಹುದಾದದ್ದು ಮಹಾಯೋಜನೆಯ ಪರಿಷ್ಕರಣೆಯಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಸರ್ವೆ ಮಾಡಿ ಯೋಜನೆ ತಿದ್ದಲು ಕಾಯ್ದೆಯೇ ಹೇಳುತ್ತದೆ. ಆ ಹೊತ್ತಿನಲ್ಲಿ ಊರೊಳಗಿನ ನೇರಳೆ ಜಾಗಗಳನ್ನು ಒಣ ಕೆಲಸದ್ದು ಯಾವುದು, ಒದ್ದೆ ಕೆಲಸದ್ದು ಯಾವುದು ಅಂತ ಬೇರೆ ಮಾಡಿ ಗುರುತಿಸಬಹುದು. ಒಣ ಕೆಲಸದ ಜಾಗದಲ್ಲಿ ರಸ್ತೆ ಮುಖಕ್ಕೆ ಅಂಗಡಿ, ಆಫೀಸು ಬಿಡಿ, ಹಿಂದೆ ಶೆಡ್ ಉಳಿಸಿದರೆ ಮೇಲೆ ಒಂದು ಮಹಡಿ ಜಾಸ್ತಿ ಕೊಡಿ. ಅಭಿವೃದ್ಧಿ ಹಕ್ಕು ವರ್ಗಾವಣೆ, ಅಂದರೆ ಟಿಡಿಆರ್ ಕೊಡಬಹುದು ಅಂತ ಕೆಲವರು ಹೇಳುತ್ತಾರೆ. ರಸ್ತೆ ಅಗಲ ಮಾಡಲು ಜಾಗ ಬಿಟ್ಟವರಿಗೆ ಅದು ಈಗಲೂ ಇದೆ. ಆದರೆ ಟಿಡಿಆರ್ ಕೊಳ್ಳುವವರು ಇರುವುದು ಎತ್ತರದ ಕಟ್ಟಡಕ್ಕೆ ಬೇಡಿಕೆ ಇರುವ ಊರಲ್ಲಿ. ಬಳ್ಳಾರಿಯಲ್ಲಿ ಆ ಕಾಗದ ಹಿಡಿದುಕೊಂಡು ಮಾಲೀಕರು ಅಲೆಯಬೇಕಾಗುತ್ತದೆ. ಇಲ್ಲಿಗೆ ಆಸ್ತಿ ತೆರಿಗೆಯಲ್ಲಿ ಕಡಿತವೇ ಸರಿ, ಪ್ರತಿ ವರ್ಷ ಕೈಗೆ ಹತ್ತುವ ಲಾಭ ಅದು.

ಇನ್ನೊಂದು, ಒಂದು ಎಕರೆಯಾದರೂ ಪಾಲಿಕೆಯೇ ಇಟ್ಟುಕೊಂಡು ಶೆಡ್ ಕಟ್ಟಿ ಬಾಡಿಗೆಗೆ ಕೊಡಬೇಕು, ಮಾರಬಾರದು. ಮಾರಿದ್ದು ಮೂವತ್ತು ವರ್ಷಕ್ಕೆ ಮಕ್ಕಳ ಕೈಗೆ ಬರುತ್ತದೆ, ಆಗ ಇದೇ ಕಥೆ ಮತ್ತೆ ಶುರು. ನ್ಯೂಯಾರ್ಕಿನಲ್ಲಿ ನೌಕಾಪಡೆಗೆ ಹಡಗು ಕಟ್ಟುತ್ತಿದ್ದ ಹಳೆಯ ಜಾಗದ 300 ಎಕರೆಯನ್ನು ನಗರವೇ ಇಟ್ಟುಕೊಂಡು ನೂರಾರು ಸಣ್ಣ ಉದ್ಯಮಗಳಿಗೆ ಬಾಡಿಗೆಗೆ ಕೊಟ್ಟಿದೆ. ನಮಗೆ 300 ಬೇಡ. ಒಂದು ಸಾಕು, ಊರೊಳಗೆ, ನಡೆದು ಹೋಗುವಷ್ಟು ದೂರದಲ್ಲಿ.

ಈಗ ಎಲ್ಲಿಗೆ ಬಂದಿದೆ

ಕಳೆದ ಕೆಲವು ತಿಂಗಳಿಂದ ಭಾನುವಾರ ಬೆಳಗ್ಗೆ ನಾನು ಮತ್ತು ಇಬ್ಬರು ಕಟಿಂಗ್ ಮಾಸ್ಟರುಗಳು ಮಹಾಯೋಜನೆಯ ನಕ್ಷೆಯ ಜೆರಾಕ್ಸ್ ಹಿಡಿದು ಊರು ಸುತ್ತುತ್ತಿದ್ದೇವೆ. ಕೌಲ್ ಬಜಾರ್, ಬ್ರೂಸ್‌ಪೇಟೆ, ಮಿಲ್ಲರ್‌ಪೇಟೆ ಮುಗಿದಿದೆ. ಹಳೆಯ ಮಿಲ್ಲು, ಹಳೆಯ ಗೋಡೌನಿನಲ್ಲಿ ಈಗಲೂ ಒಣ ಕೆಲಸ ನಡೆಯುತ್ತಿರುವ ಹದಿನಾಲ್ಕು ಕಾಂಪೌಂಡ್ ಸಿಕ್ಕಿವೆ. ಒಂದೊಂದಕ್ಕೂ ಒಂದು ಹಾಳೆ: ಎಷ್ಟು ಘಟಕ, ಎಷ್ಟು ಮಷಿನ್, ಎಷ್ಟು ಜನ, ಎಷ್ಟು ಜನ ನಡೆದು ಬರುತ್ತಾರೆ, ಸೂರು ಗಟ್ಟಿ ಇದೆಯೋ ಇಲ್ಲವೋ. ಪೂರ್ತಿಯಾದ ಮೇಲೆ ಪ್ರಾಧಿಕಾರಕ್ಕೆ ಕೊಡುತ್ತೇವೆ, ಪಾಲಿಕೆಗೂ ಕೊಡುತ್ತೇವೆ.

ಆ ಹದಿನಾಲ್ಕರಲ್ಲಿ ಒಂದು ಹಳೆಯ ಶೇಂಗಾ ಎಣ್ಣೆ ಮಿಲ್ಲು. ಒಂಬತ್ತು ಘಟಕಗಳಿವೆ, ಗೋಡೆಗೆ ಇನ್ನೂ ಎಣ್ಣೆಯ ವಾಸನೆ ಇದೆ. ಅದರ ಮಾಲೀಕರು ಹೋದ ವಾರ ಫೋನ್ ಮಾಡಿದ್ದರು, ಸೈಟ್ ನಕ್ಷೆ ಬರೆದುಕೊಡಿ ಅಂತ. ಬರೆಯುತ್ತೇನೆ ಅಂದೆ. ಈ ಸಲ ಎರಡನೇ ನಕ್ಷೆಯನ್ನೇ ಮೊದಲು ಬರೆದಿದ್ದೇನೆ. ಮುಂದೆ ಆರು ಅಂಗಡಿ, ಮೇಲೆ ಒಂದು ಬ್ಯಾಂಕಿಗೆ ಸಾಲುವಷ್ಟು ಜಾಗ, ಹಿಂದೆ ಒಂಬತ್ತೂ ಶೆಡ್. ಹತ್ತನೆಯದಾಗಿ ಒಂದು ಸಣ್ಣ ಕೋಣೆ ಹಾಕಿದ್ದೇನೆ, ಹತ್ತು ಅಡಿ ಹನ್ನೆರಡು ಅಡಿ, ಕಾಜಾ ಮಷಿನ್ನಿಗೆ. ಸೋಮವಾರ ಬರಲು ಹೇಳಿದ್ದಾರೆ.